ಕೊಂಡವರ ಮಾತು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದು ಮಾತನಾಡಬೇಕಾಗಿದ್ದ ಪ್ರಾಧ್ಯಾಪಕರು ತುರ್ತಾಗಿ ಊರಿಗೆ ಹೋಗಬೇಕಾಗಿ ಬಂದುದರಿಂದ ಕಾರ್ಯದರ್ಶಿಗಳು ಆ ಹೊರೆಯನ್ನು ನಮ್ಮ ಮೇಲೆ ಹೊರಿಸಿದ್ದಾರೆ. ನಾವು ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಬರೆಯುವವರು. ಸಂಜೆ ಬಂದು ಈ ಕೋಣೆಯ ಕದ ತೆಗೆದು ಪತ್ರಿಕೆಗಳನ್ನು ಮೇಜಿನ ಮೇಲೆ ಜೋಡಿಸುವವರು. ಪಾಂಡಿತ್ಯದ ಮಾತು ನಮ್ಮಿಂದ ಬರಲಾರದು. ಆದರೆ ಒಂದು ಸಂಗತಿ ಬಹು ದಿನಗಳಿಂದ ನಮ್ಮ ಮನಸ್ಸನ್ನು ಕೊರೆಯುತ್ತಿದೆ. ಅದನ್ನು ಅಮೆರಿಕದ ಒಂದು ಟ್ರಕ್ಕಿನ ನೆಪದಿಂದ ನಿಮ್ಮ ಮುಂದಿಡುತ್ತೇವೆ. ಅಮೆರಿಕದ ಟ್ರಕ್ಕಿಗೂ ಮುಂಬಯಿಯ ಚಾಳಿಗೂ ಏನು ಸಂಬಂಧವೆಂದು ನಗುವವರು ಕೊನೆಯವರೆಗೆ ಕುಳಿತಿರಬೇಕೆಂದು ಪ್ರಾರ್ಥನೆ.

ಅಮೆರಿಕದಲ್ಲಿ ಪಿಕಪ್ ಎಂಬ ಗಾಡಿಗೆ ಬಹಳ ಮಾನ. ಮುಂದೆ ಇಂಜಿನ್ನಿನ ಉದ್ದ ಮೂಗು, ನಡುವೆ ಜನ ಕೂರುವ ಕ್ಯಾಬಿನ್ನು, ಹಿಂದೆ ಸಾಮಾನು ಹೇರುವ ತೆರೆದ ತೊಟ್ಟಿ. ರೈತ, ಬಡಗಿ, ಗುತ್ತಿಗೆದಾರ, ಎಲ್ಲರೂ ಅದನ್ನೇ ಬಳಸುತ್ತಾರೆ. ಮಗುವಿಗೆ ಟ್ರಕ್ಕಿನ ಚಿತ್ರ ಬರೆಯೆಂದರೆ ಅಲ್ಲಿ ಈ ಮೂರು ಭಾಗಗಳನ್ನೇ ಬರೆಯುತ್ತದೆ. ದಶಕಗಳಿಂದ ಈ ರೂಪ ಹೆಚ್ಚು ಬದಲಾಗಿಲ್ಲ.

ಹೀಗಿರುವಾಗ 2019ರ ನವೆಂಬರ್ 21ರಂದು ಲಾಸ್ ಏಂಜಲೀಸ್ ನಗರದ ಬಳಿ ಟೆಸ್ಲಾ ಕಂಪನಿಯು ಸೈಬರ್‌ಟ್ರಕ್ ಎಂಬ ವಿದ್ಯುತ್ ಪಿಕಪ್ಪನ್ನು ಜನರ ಮುಂದೆ ತಂದು ನಿಲ್ಲಿಸಿತು. ಹುಡುಗನೊಬ್ಬ ದಪ್ಪ ಕಾಗದವನ್ನು ಮಡಿಚಿ ಮಾಡಿದ ಆಟಿಕೆಯಂತೆ ಎಲ್ಲವೂ ನೇರ ಗೆರೆ, ಚೂಪು ಮೂಲೆ. ಮೂಗಿನಿಂದ ಛಾವಣಿಯ ನೆತ್ತಿಯವರೆಗೆ ಒಂದೇ ಏರು. ಅಲ್ಲಿಂದ ಬಾಲದವರೆಗೆ ಒಂದೇ ಇಳಿಜಾರು. ಮೈಗೆ ಬಣ್ಣವಿಲ್ಲ. ನಮ್ಮ ಅಡಿಗೆಮನೆಯ ಸ್ಟೀಲಿನ ಡಬ್ಬಿಯಂತೆ ಬರಿಯ ಹೊಳಪು. ಈ ರೂಪಕ್ಕೆ ಕಾರಣವೂ ಇತ್ತು. ಅವರು ಆರಿಸಿಕೊಂಡ ಉಕ್ಕು ಬಹಳ ಗಟ್ಟಿ. ಬೇರೆ ಕಾರುಗಳ ತಗಡಿನಂತೆ ಅಚ್ಚಿನಲ್ಲಿಟ್ಟು ಒತ್ತಿ ಉಬ್ಬುತಗ್ಗು ತರುವುದು ಕಷ್ಟ. ಆದುದರಿಂದ ಚಪ್ಪಟೆ ಹಲಗೆ, ನೇರ ಮಡಿಕೆ. ಗಾಜು ಎಷ್ಟು ಗಟ್ಟಿಯೆಂದು ತೋರಿಸಲು ಅಂದು ವೇದಿಕೆಯ ಮೇಲೆ ಉಕ್ಕಿನ ಗುಂಡೆಸೆದರು. ಎಲ್ಲರೆದುರಿಗೇ ಗಾಜು ಬಿರುಕು ಬಿಟ್ಟಿತು. ಅರ್ಧ ಜಗತ್ತು ನಕ್ಕಿತು. ಆದರೂ 100 ಡಾಲರ್ ಮುಂಗಡ ಕೊಟ್ಟು ಹೆಸರು ಬರೆಸಿದವರು ಲಕ್ಷಗಟ್ಟಲೆ.

ಅಂದು ಹೇಳಿದ ಬೆಲೆ 39,900 ಡಾಲರಿನಿಂದ ಆರಂಭ. ಹೆಚ್ಚಿನ ಬೆಲೆಯ ಗಾಡಿ ಒಂದೇ ಚಾರ್ಜಿಗೆ 500 ಮೈಲಿ, ಅಂದರೆ ಸುಮಾರು 800 ಕಿಲೋಮೀಟರ್, ಓಡುವುದೆಂಬ ಮಾತು. ಗಿರಾಕಿಗಳ ಕೈಗೆ ಗಾಡಿ ಸಿಕ್ಕಲು ಆರಂಭವಾದದ್ದು ನಾಲ್ಕು ವರ್ಷಗಳ ಮೇಲೆ, 2023ರ ನವೆಂಬರ್ 30ರಂದು, ಟೆಕ್ಸಾಸಿನ ಆಸ್ಟಿನ್ ಕಾರ್ಖಾನೆಯಲ್ಲಿ. ಆಗ ಎರಡು ಮೋಟಾರಿನ ಗಾಡಿಗೆ 79,990 ಡಾಲರ್. ಓಟ 340 ಮೈಲಿ. ಮೊದಲು ಹೇಳಿದ ಆರಂಭದ ಬೆಲೆಯ ಇಮ್ಮಡಿ, 500 ಮೈಲಿಯ ಮಾತಿಗಿಂತ ಓಟ ಕಡಿಮೆ. ಇಷ್ಟಾದರೂ ಕೊಂಡವರು ಕೊಂಡರು.

ಇನ್ನು ಕೊಂಡವರ ಮಾತಿಗೆ ಬರೋಣ. ಓದಿದಷ್ಟೂ ಎರಡು ಬೇರೆ ಗಾಡಿಗಳ ವರ್ಣನೆ ಓದಿದಂತಾಗುತ್ತದೆ. ಒಬ್ಬ ಹೇಳುತ್ತಾನೆ: ಇಷ್ಟು ದೊಡ್ಡ ಗಾಡಿ, ಹಿಂದಿನ ಚಕ್ರಗಳೂ ತಿರುಗುವುದರಿಂದ ಇಕ್ಕಟ್ಟಿನಲ್ಲೂ ಸಲೀಸಾಗಿ ಹೊರಳುತ್ತದೆ. ತೊಟ್ಟಿ 6 ಅಡಿ ಉದ್ದ. ಗುಂಡಿ ಒತ್ತಿದರೆ ಮುಚ್ಚಳ ತಾನೇ ಎಳೆದುಕೊಳ್ಳುತ್ತದೆ, ಬೀಗ ಬೀಳುತ್ತದೆ. ತೊಟ್ಟಿಯಲ್ಲೇ ವಿದ್ಯುತ್ತಿನ ಪ್ಲಗ್ಗುಗಳಿವೆ. ಗರಗಸ, ಡ್ರಿಲ್ಲು ಅಲ್ಲೇ ನಡೆಯುತ್ತವೆ. ಸುಮಾರು 5 ಟನ್ ಭಾರದ ಗಾಡಿಯನ್ನು ಹಿಂದೆ ಕಟ್ಟಿ ಎಳೆಯಬಹುದು. ಬಣ್ಣವೇ ಇಲ್ಲದ ಮೇಲೆ ಬಣ್ಣ ಕೆರೆದುಹೋಗುವ ಚಿಂತೆಯೂ ಇಲ್ಲ.

ಇನ್ನೊಬ್ಬ ಹೇಳುತ್ತಾನೆ: ಮುಟ್ಟಿದಲ್ಲೆಲ್ಲ ಬೆರಳ ಗುರುತು, ಒರೆಸಿ ಒರೆಸಿ ಕೈ ಸೋತಿತು. ಮಳೆ ಬಿದ್ದ ಮೇಲೆ ಮೈಮೇಲೆ ಕೇಸರಿ ಚುಕ್ಕೆ. ತೊಟ್ಟಿಯ ಪಕ್ಕದ ಗೋಡೆ ಕ್ಯಾಬಿನ್ನಿನ ಕಡೆಗೆ ಏರುತ್ತ ಹೋಗುವುದರಿಂದ ಮಗ್ಗುಲಲ್ಲಿ ನಿಂತು ಕೈಹಾಕಿ ಸಾಮಾನು ತೆಗೆಯಲಾಗದು. ಮುಚ್ಚಳ ಹಾಕಿದರೆ ಒಳಗಿನ ಕನ್ನಡಿಯಲ್ಲಿ ಹಿಂದಿನದೇನೂ ಕಾಣದು. ಕ್ಯಾಮರಾದ ಚಿತ್ರವನ್ನೇ ನಂಬಬೇಕು. ಭಾರ ಎಳೆಯುವಾಗ ಒಂದು ಚಾರ್ಜಿನ ಓಟ ತೀರ ಕುಗ್ಗುತ್ತದೆ.

ಕೇಸರಿ ಚುಕ್ಕೆಯ ವಿಷಯ ನೋಡಿ. ಕೊಂಡವನು ಅದನ್ನು ತುಕ್ಕು ಎಂದನು. ಕಂಪನಿಯ ಕಡೆಯವರು ಉಕ್ಕಿಗೆ ತುಕ್ಕಿಲ್ಲ, ಹೊರಗಿನಿಂದ ಬಂದು ಕುಳಿತ ಕಬ್ಬಿಣದ ಕಣಗಳು ಕೆಂಪೇರಿವೆ, ತೊಳೆದರೆ ಹೋಗುತ್ತವೆ ಎಂದರು. ಚುಕ್ಕೆ ಇದ್ದದ್ದೂ ನಿಜ, ತೊಳೆದರೆ ಹೋದದ್ದೂ ನಿಜ. ಮೆಚ್ಚಿದವನು ಎರಡನೆಯ ಮಾತನ್ನು ಹಿಡಿದ. ಬೇಸತ್ತವನು ಮೊದಲನೆಯದನ್ನು ಹಿಡಿದ.

ಆದರೆ ಅಭಿಪ್ರಾಯಕ್ಕೆ ಎಡೆಯಿಲ್ಲದ ಕೆಲವು ಸಂಗತಿಗಳಿವೆ. ವೇಗದ ಪೆಡಲಿನ ಮೇಲಿನ ತಗಡು ಜಾರಿ ಸಿಕ್ಕಿಕೊಳ್ಳಬಹುದೆಂದು 2024ರ ಏಪ್ರಿಲಿನಲ್ಲಿ 3,878 ಗಾಡಿಗಳನ್ನು ಕಂಪನಿ ದುರಸ್ತಿಗೆ ಕರೆಸಿಕೊಂಡಿತು. 2025ರ ಮಾರ್ಚಿನಲ್ಲಿ ಛಾವಣಿಯ ಅಂಚಿನ ಉಕ್ಕಿನ ಪಟ್ಟಿ ಅಂಟು ಬಿಟ್ಟು ಕಳಚಬಹುದೆಂದು 46,000ಕ್ಕೂ ಹೆಚ್ಚು ಗಾಡಿಗಳನ್ನು ಕರೆಸಿತು. ಅಲ್ಲಿಯವರೆಗೆ ತಯಾರಾದವುಗಳಲ್ಲಿ ಬಹುಪಾಲು ಅದರಲ್ಲಿ ಸೇರಿದ್ದವು. ಮೆಚ್ಚಿದವನ ಗಾಡಿಯನ್ನೂ ಬೈದವನ ಗಾಡಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಬೇಕಾಯಿತು.

ಇದರ ಮೇಲೆ ಮೂರನೆಯ ಜಗಳವೊಂದು ಬಂತು. ಕಂಪನಿಯ ಮುಖ್ಯಸ್ಥರಾದ ಇಲಾನ್ ಮಸ್ಕ್ 2025ರ ಆರಂಭದಲ್ಲಿ ಅಮೆರಿಕದ ಸರ್ಕಾರದ ಕೆಲಸದಲ್ಲಿ ತೊಡಗಿದಾಗ ಅವರನ್ನು ಒಪ್ಪದವರು ಈ ಗಾಡಿಯ ಮೇಲೆ ಕೋಪ ತೀರಿಸಿಕೊಂಡರು. ಕೆಲವೆಡೆ ಗಾಡಿಗಳಿಗೆ ಮಸಿ ಬಳಿದರು, ಬೆಂಕಿಯನ್ನೂ ಇಟ್ಟರು. ಯಾರ ಪಕ್ಷವನ್ನೂ ಹಿಡಿಯದೆ ಸೌದೆ ಸಾಗಿಸಲು ಕೊಂಡವನಿಗೂ ಉತ್ತರ ಹೇಳುವ ಗತಿ ಬಂತು.

ನೋಟದ ಮಾತು ಅಭ್ಯಾಸಕ್ಕೆ ಸೇರಿದ್ದು. 1950ರ ದಶಕದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯು ಜೀಪಿನ ಮೂಗನ್ನು ಕತ್ತರಿಸಿ, ಚಾಲಕನನ್ನು ಮುಂದಿನ ಚಕ್ರದ ಮೇಲೆಯೇ ಕೂರಿಸಿ, ಫಾರ್ವರ್ಡ್ ಕಂಟ್ರೋಲ್ ಎಂಬ ಪಿಕಪ್ಪನ್ನು ಮಾಡಿತು. ಸಣ್ಣ ಗಾಡಿಯಲ್ಲಿ ದೊಡ್ಡ ತೊಟ್ಟಿ ಸಿಗಲೆಂಬ ಉದ್ದೇಶ. ಅಮೆರಿಕದವರ ಕಣ್ಣಿಗೆ ಅದು ಒಗ್ಗಲಿಲ್ಲ; ಹತ್ತು ವರ್ಷದೊಳಗೆ ನಿಂತುಹೋಯಿತು. ಅದೇ ಗಾಡಿಯನ್ನು 1960ರ ದಶಕದಲ್ಲಿ ನಮ್ಮ ಮುಂಬಯಿಯ ಮಹೀಂದ್ರ ಕಂಪನಿ ಇಲ್ಲಿ ತಯಾರಿಸಿತು. ಅದರ ಮೇಲೆ ಸಣ್ಣ ಬಸ್ಸನ್ನೂ ಕಟ್ಟಿದರು. ಇಂದು ಗಿರಣಿಯ ಬಾಗಿಲಲ್ಲಿ ಥಾನುಗಳ ಗಂಟು ಹೇರುವ ‘ಛೋಟಾ ಹಾಥಿ’ಯನ್ನು, ಅಂದರೆ 2005ರಲ್ಲಿ ಬಂದ ಟಾಟಾ ಏಸನ್ನು, ನೋಡಿರಿ, ಅದಕ್ಕೂ ಮುಂದೆ ಚಾಚಿದ ಉದ್ದ ಮೂಗಿಲ್ಲ. ನಮ್ಮಲ್ಲಿ ಯಾರೂ ಅದನ್ನು ವಿಚಿತ್ರ ಎನ್ನುವುದಿಲ್ಲ. ಒಂದು ದೇಶದ ವಿಚಿತ್ರ ಇನ್ನೊಂದು ದೇಶದ ಬೀದಿಬದಿಯ ಸಾಮಾನ್ಯ. ಆದುದರಿಂದ ರೂಪದ ವಾದವನ್ನು ಬಗೆಹರಿಸುವುದು ಬೇಡ.

ನಾವು ಹೇಳಬೇಕೆಂದಿರುವುದು ಬೇರೆ. ಎಲ್ಲರಂತಹ ವಸ್ತುವನ್ನು ಕೊಂಡವನಿಗೆ ಒಂದು ಸ್ವಾತಂತ್ರ್ಯವಿದೆ: ಕೆಟ್ಟರೆ ಕೆಟ್ಟಿತೆಂದು ಬೈಯಬಹುದು. ವಿಚಿತ್ರ ವಸ್ತುವನ್ನು ಕೊಂಡವನಿಗೆ ಆ ಸ್ವಾತಂತ್ರ್ಯವಿಲ್ಲ. ನಿಂತಲ್ಲೆಲ್ಲ ಜನ ಸೇರಿ, ಇದನ್ನೇಕೆ ಕೊಂಡೆ ಎನ್ನುತ್ತಾರೆ. ಮೊದಲ ದಿನ ಸಂತೋಷದಿಂದ ಉತ್ತರಿಸುತ್ತಾನೆ. ಹತ್ತನೆಯ ದಿನ ಅಭ್ಯಾಸದಿಂದ. ನೂರನೆಯ ದಿನ ಅವನು ತನ್ನ ವಸ್ತುವಿನ ವಕೀಲನಾಗಿರುತ್ತಾನೆ. ವಕೀಲನು ಕಕ್ಷಿಗಾರನ ತಪ್ಪನ್ನು ನ್ಯಾಯಾಲಯದಲ್ಲಿ ಹೇಳುವುದುಂಟೇ?

ಇದು ನಮಗೆ ಓದಿನಿಂದ ತಿಳಿದದ್ದಲ್ಲ. ಈ ಕೋಣೆಯಲ್ಲೇ ತಿಳಿದದ್ದು.

ನಮ್ಮ ಬಳಗದ ಹಿರಿಯರೊಬ್ಬರನ್ನು ಎಲ್ಲರೂ ಕಾಕಾ ಎನ್ನುತ್ತೇವೆ. ನೇಯ್ಗೆ ಖಾತೆಯಿಂದ ನಿವೃತ್ತರಾದಾಗ ಬಂದ ಹಣದಲ್ಲಿ ಅವರೊಂದು ಬ್ಯಾಟರಿಯ ಸಾಮಾನು ರಿಕ್ಷಾ ಕೊಂಡರು. ಚಾಳಿನಲ್ಲಿ ಅಂತಹ ಗಾಡಿ ಅದೇ ಮೊದಲು. ಹುಡುಗರು ಅದರ ಮೋರೆ ನೋಡಿ ನಗುತ್ತಿದ್ದರು. ಕಾಕಾ ಇದೇ ಮೇಜಿನ ಬಳಿ ಕುಳಿತು, ಡೀಸೆಲ್ ಖರ್ಚಿಲ್ಲ, ಸದ್ದಿಲ್ಲ, ಹೊಗೆಯಿಲ್ಲ ಎಂದು ದಿನವೂ ವರ್ಣಿಸುತ್ತಿದ್ದರು. ನಾವೂ ಹೂಂಗುಟ್ಟುತ್ತಿದ್ದೆವು. ಬಾಗಲಕೋಟೆ ಕಡೆಯ ತರುಣನೊಬ್ಬ, ಪ್ಯಾಕಿಂಗ್ ಖಾತೆಯವನು, ಕೇಳುತ್ತ ಕೇಳುತ್ತ ಮನಸ್ಸು ಮಾಡಿದ. ಹೆಂಡತಿಯ ಬಳೆ ಒತ್ತೆಯಿಟ್ಟ, ಉಳಿದದ್ದಕ್ಕೆ ಸಾಲ. ಸಾಲದ ಅರ್ಜಿಯನ್ನು ಈ ಮೇಜಿನ ಮೇಲೆಯೇ ತುಂಬಿಕೊಟ್ಟವರು ನಾವು. ವಿಚಾರಿಸಿದೆಯಾ ಎಂದದ್ದಕ್ಕೆ, “ಕಾಕಾ ಹೇಳ್ಯಾರಲ್ಲರಿ, ಸಾಹೇಬ್ರ” ಎಂದ. ಅದು ನಮಗೆ ಸಾಕಾಯಿತು.

ಎರಡನೆಯ ಮಳೆಗಾಲಕ್ಕೆ ಅವನ ಗಾಡಿ ಮಧ್ಯಾಹ್ನವಾಗುವುದರೊಳಗೆ ಬ್ಯಾಟರಿ ಬರಿದಾಗಿ ನಿಲ್ಲತೊಡಗಿತು. ದುರಸ್ತಿಯ ಜಾಗ ದೂರ. ಬಿಡಿಭಾಗಕ್ಕೆ ವಾರಗಟ್ಟಲೆ ಕಾಯಬೇಕು. ಬಾಡಿಗೆ ತಪ್ಪಿತು, ಕಂತು ತಪ್ಪಲಿಲ್ಲ. ಅವನೀಗ ಮತ್ತೆ ರಾತ್ರಿ ಪಾಳಿಗೆ ಸೇರಿದ್ದಾನೆ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ.

ಒಂದು ರಾತ್ರಿ ನಾವು ಕಿಟಕಿ ಮುಚ್ಚುತ್ತಿದ್ದಾಗ ಕಾಕಾ ಒಬ್ಬರೇ ಕುಳಿತಿದ್ದರು. “ನಂದೂ ಆರನೇ ತಿಂಗಳಿಂದ ಹಂಗ ನಿಲ್ತಿತ್ತು, ತಮ್ಮಾ” ಎಂದರು. “ಮತ್ಯಾಕ ಹೇಳಲಿಲ್ಲ, ಕಾಕಾ?” ಎಂದೆವು. “ನಕ್ಕ ಮಂದಿ ಮುಂದ ಅಷ್ಟು ಹೊಗಳಿದ್ದೆ. ಮತ್ತ ಯಾವ ಬಾಯಿಲೆ ಬೈಯಲಿ?” ಎಂದರು. ಅವರಿಗೆ ಇದರಿಂದ ಬಿಡಿಗಾಸಿನ ಲಾಭವಾಗಿರಲಿಲ್ಲ. ಈ ಮಾತನ್ನು ಇಲ್ಲಿ ಹೇಳಲು ಅವರೇ ಅಪ್ಪಣೆ ಕೊಟ್ಟಿದ್ದಾರೆ. ಹಿಂದಿನ ಸಾಲಿನಲ್ಲಿ ಕುಳಿತೂ ಇದ್ದಾರೆ. ಇಂದು ನಾಲ್ಕು ಜನರೆದುರು ಇದನ್ನು ಹೇಳಿಸಿದ ಅವರ ಧೈರ್ಯ ದೊಡ್ಡದು. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಹಾಜರಿಯಲ್ಲಿ ಅರ್ಧ ದಿನ ವ್ಯತ್ಯಾಸ ಬಂದರೆ ಹತ್ತು ಸಲ ಕೇಳುವ ನಾವು ಆ ತರುಣನ ಪರವಾಗಿ ಕಾಕಾರನ್ನು ಒಂದು ಪ್ರಶ್ನೆ ಕೇಳಲಿಲ್ಲ.

ಬ್ಯಾಟರಿ ಗಾಡಿಗಳೆಲ್ಲ ಕೆಟ್ಟವೆಂದು ಇದರ ಅರ್ಥವಲ್ಲ. ಇದೇ ಶಹರದಲ್ಲಿ ಅವುಗಳಿಂದ ಸಂಸಾರ ಸಾಗಿಸುವವರಿದ್ದಾರೆ. ಕೊಂಡವರ ಮಾತನ್ನು ನಂಬಬಾರದೆಂದೂ ಅಲ್ಲ. ಕೊಂಡವನಷ್ಟು ತಿಳಿದವನು ಬೇರೆ ಯಾರಿದ್ದಾನೆ? ಕೇಳುವ ರೀತಿ ಬದಲಾಗಬೇಕು. ಚೆನ್ನಾಗಿದೆಯೇ ಎಂದು ಕೇಳಿದರೆ ವಕೀಲನೇ ಉತ್ತರಿಸುತ್ತಾನೆ. ಕಳೆದ ತಿಂಗಳು ಎಷ್ಟು ದಿನ ಕೆಲಸಕ್ಕೆ ಹೋಯಿತು, ಎಷ್ಟು ದಿನ ನಿಂತಿತು? ದುರಸ್ತಿಗೆ ಎಷ್ಟು ಹೋಯಿತು? ಎಷ್ಟು ಭಾರ ಹೊತ್ತು ಎಷ್ಟು ದೂರ ಓಡಿತು? ಕೊಟ್ಟ ಹಣ ಇಂದು ಮರಳಿ ಕೈಗೆ ಬಂದರೆ ಅದನ್ನೇ ಮತ್ತೆ ಕೊಳ್ಳುವಿರಾ? ಹೀಗೆ ಕೇಳಿದರೆ ಹೊಗಳಿಕೆ ತೆಗಳಿಕೆ ಎರಡೂ ಬದಿಗೆ ಸರಿದು ಲೆಕ್ಕ ಮುಂದೆ ಬರುತ್ತದೆ. ಸೈಬರ್‌ಟ್ರಕ್ಕಿನವರಲ್ಲೂ ಇಂತಹ ಲೆಕ್ಕ ಕೊಡುವವರ ಮಾತೇ ನಮಗೆ ಹೆಚ್ಚು ಉಪಯೋಗವಾಯಿತು. ಅವರಲ್ಲಿ ಮೆಚ್ಚಿದವರೂ ಇದ್ದರು, ಮೆಚ್ಚದವರೂ ಇದ್ದರು.

ಕೊನೆಗೊಂದು ಸೂಚನೆ. ನಾಳೆಯಿಂದ ಪತ್ರಿಕೆಗಳ ಮೇಜಿನ ಮೇಲೆ ಒಂದು ಉದ್ದ ವಹಿ ಇಡುತ್ತೇವೆ. ಗಾಡಿಯಾಗಲಿ, ಹೊಲಿಗೆ ಯಂತ್ರವಾಗಲಿ, ಹಿಟ್ಟಿನ ಗಿರಣಿಯಾಗಲಿ, ದುಡಿಮೆಗಾಗಿ ಏನನ್ನಾದರೂ ಕೊಂಡವರು ಅದರಲ್ಲಿ ಕೊಂಡ ತಿಂಗಳು, ಕೊಟ್ಟ ಹಣ, ನಿಂತ ದಿನ, ದುರಸ್ತಿಯ ಖರ್ಚು, ಇಷ್ಟನ್ನು ಬರೆಯಬೇಕು. ಹೊಗಳಿಕೆಗೆ ಅಂಕಣವಿಲ್ಲ, ಬೈಗುಳಕ್ಕೂ ಇಲ್ಲ. ಬರೆಯಲು ಬಾರದವರು ಹೇಳಿದರೆ ನಾವು ಬರೆದುಕೊಳ್ಳುತ್ತೇವೆ.

ಮೊದಲ ಸಾಲನ್ನು ತಾವು ಬರೆಸುವುದಾಗಿ ಕಾಕಾ ಹೇಳಿದ್ದಾರೆ.