ಜರ್ಮನಿಯಲ್ಲಿ ಓದು: ಸರ್ಕಾರಿ ವಿವಿನಾ, ಪ್ರೈವೇಟಾ?

ಮಾಸ್ಟರ್ಸ್‌ಗೆ ಜರ್ಮನಿಗೆ ಹೋಗ್ಬೇಕು ಅಂದವರೆಲ್ಲ ಕೇಳೋದು ಇದೇ ಪ್ರಶ್ನೆ. ನಾನು ಬಿ.ಕಾಂ ಓದಿದವನು, ಹಾಗಾಗಿ ಮೊದಲು ಲೆಕ್ಕ.

ಅಲ್ಲಿನ ಹೆಚ್ಚಿನ ಸರ್ಕಾರಿ ವಿವಿಗಳಲ್ಲಿ ಟ್ಯೂಷನ್ ಫೀ ಇಲ್ಲ, ಸೆಮಿಸ್ಟರ್ ಶುಲ್ಕ ಕಟ್ಟಿದ್ರೆ ಆಯ್ತು. ಆದ್ರೆ ಎಲ್ಲಾ ಕಡೆ ಪುಕ್ಕಟೆ ಅಲ್ಲ. ಬಾಡೆನ್-ವ್ಯೂರ್ಟೆಂಬರ್ಗ್ ರಾಜ್ಯ 2017ರಿಂದ ನಮ್ಮಂಥವರ ಹತ್ರ ಸೆಮಿಸ್ಟರ್‌ಗೆ 1,500 ಯೂರೋ ತಗೊಳ್ತಿದೆ. ಮ್ಯೂನಿಕ್‌ನ ಟೆಕ್ನಿಕಲ್ ಯೂನಿವರ್ಸಿಟಿ 2024ರಲ್ಲಿ ಶುರು ಮಾಡಿದ ಶುಲ್ಕ ಮಾಸ್ಟರ್ಸ್‌ಗೆ ಸೆಮಿಸ್ಟರ್‌ಗೆ 4,000 ಅಥವಾ 6,000 ಯೂರೋ.

ಪ್ರೈವೇಟ್‌ನಲ್ಲಿ ಸೀಟು ಬೇಗ ಸಿಗುತ್ತೆ, ಫೀಸು ಲಕ್ಷಗಟ್ಟಲೆ. ಏಜೆಂಟ್ ಅದನ್ನೇ ಮೊದಲು ತೋರಿಸಿದ್ರೆ ಕಮಿಷನ್ ಎಲ್ಲಿಂದ ಬರುತ್ತೆ ಅಂತ ಕೇಳಿ.

ಹಾಗಂತ ಪ್ರೈವೇಟ್ ಎಲ್ಲಾ ಕೆಟ್ಟದ್ದಲ್ಲ. ಸರ್ಕಾರಿ ವಿವಿಗಳು ಗಣಿತ, ಸಂಖ್ಯಾಶಾಸ್ತ್ರದ ಕ್ರೆಡಿಟ್ ಎಣಿಸ್ತಾವೆ, ನಮ್ಮ ಬಿ.ಕಾಂನವರು ಅಲ್ಲೇ ಸಿಕ್ಕಿಬೀಳೋದುಂಟು. ಅಂಥವರಿಗೆ ಒಳ್ಳೆ ಪ್ರೈವೇಟ್ ಕೂಡ ಒಂದು ದಾರಿ.

ಆಗ ಎರಡು ವಿಷಯ ನೋಡಿ. ಒಂದು, ಅಲ್ಲಿನ ಸರ್ಕಾರದ ಮಾನ್ಯತೆ ಇದೆಯಾ? 'ಅನಾಬಿನ್' ವೆಬ್‌ಸೈಟಲ್ಲಿ ಹೆಸರಿನ ಮುಂದೆ 'ಎಚ್ ಪ್ಲಸ್' ಇರ್ಬೇಕು. ಓದಿದ ಮೇಲೆ ಕೆಲಸ ಹುಡುಕೋಕೆ ಸಿಗೋ 18 ತಿಂಗಳು ಮಾನ್ಯ ಡಿಗ್ರಿಗೆ ಮಾತ್ರ. ಎರಡು, ಪಾಠ ಕ್ಯಾಂಪಸ್ಸಲ್ಲಾ, ಆನ್‌ಲೈನಾ? ಬಹುಪಾಲು ಆನ್‌ಲೈನ್ ಆದ್ರೆ ವೀಸಾಗೇ ಕುತ್ತು.

ಯಾವುದಕ್ಕೆ ಸೇರಿದ್ರೂ ಎಪಿಎಸ್ ಪ್ರಮಾಣಪತ್ರ ಬೇಕು. ಜೀವನದ ಖರ್ಚಿಗೆ ಬ್ಲಾಕ್ಡ್ ಅಕೌಂಟಲ್ಲಿ ವರ್ಷಕ್ಕೆ 11,904 ಯೂರೋ ತೋರಿಸೋದು 2024ರಿಂದ ನಡೆದು ಬಂದಿರೋ ಲೆಕ್ಕ. ಫೀಸಿಲ್ಲ ಅಂದ್ರೆ ಖರ್ಚಿಲ್ಲ ಅಂತಲ್ಲ.

ಎಜುಕೇಶನ್ ಲೋನ್‌ಗೆ ಅಪ್ಪ ಸೈನ್ ಹಾಕೋ ಮುಂಚೆ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಅವರ ಜೊತೆ ಕೂತು ಲೆಕ್ಕ ಹಾಕಿ. ಮುಂದಿನ ಕಂತಲ್ಲಿ ಸಿಗೋಣ.