ಆಸ್ಪತ್ರೆ ಬಿಲ್ಲಿನ ನಂತರದ ಆರು ತಿಂಗಳು

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಸದಸ್ಯರೂ ಆಗಿರುವ ಫಿಸಿಯೋಥೆರಪಿಸ್ಟ್ ಒಬ್ಬರು ಮಾಡಿದ ಭಾಷಣ)

ನೆರವು ಕೋರಿ ಬಂದ ಅರ್ಜಿಗಳಲ್ಲಿ ಪಾರ್ಶ್ವವಾಯುವಿನವೂ ಇವೆ ಎಂದು ಕಾರ್ಯದರ್ಶಿಗಳು ಹೇಳಿದರು. ಎಲ್ಲವೂ ಆಸ್ಪತ್ರೆ ಬಿಲ್ಲಿಗಾಗಿ. ಬಿಲ್ಲು ಕಟ್ಟಿ ಮನೆಗೆ ಬಂದ ಮೇಲೆ ಶುರುವಾಗುವ ಕೆಲಸದ ಬಗ್ಗೆ ನಾನು ಎರಡು ಮಾತು ಹೇಳುತ್ತೇನೆ.

ಲಘು ಪಾರ್ಶ್ವವಾಯುವಿನಲ್ಲಿ ಕೈಕಾಲು ಪೂರ್ತಿ ಬಿದ್ದುಹೋಗಿರುವುದಿಲ್ಲ. ಹಾಗಾಗಿ ಮನೆಯವರು “ದೇವರು ದೊಡ್ಡವನು, ಪಾರಾದೆವು” ಎನ್ನುತ್ತಾರೆ. ಆದರೆ ಎದ್ದು ನಿಂತರೆ ಮೈ ಒಂದು ಕಡೆಗೆ ವಾಲುತ್ತದೆ. ನಡೆಯುವಾಗ ಪಾದದ ತುದಿ ನೆಲಕ್ಕೆ ತಾಗುತ್ತದೆ. ತಿರುಗಿದರೆ ಜೋಲಿ ಹೊಡೆಯುತ್ತದೆ. ಹೋಟೆಲಿನ ಒಲೆಯ ಮುಂದೆ ದಿನವಿಡೀ ನಿಲ್ಲುವವರಿಗೆ, ಲೋಕಲ್ ಟ್ರೇನು ಹತ್ತಿಳಿಯುವವರಿಗೆ ಇದು ಅನ್ನದ ಪ್ರಶ್ನೆಯೇ ಆಗುತ್ತದೆ.

ಮೆದುಳಿನಲ್ಲಿ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಆದರೆ ಉಳಿದ ಭಾಗ ಅದರ ಕೆಲಸವನ್ನು ಎಷ್ಟೋ ಮಟ್ಟಿಗೆ ಕಲಿಯಬಲ್ಲದು. ಒಂದೇ ಚಲನೆಯನ್ನು ದಿನವೂ ಮತ್ತೆ ಮತ್ತೆ ಮಾಡಿದರೆ ಮಾತ್ರ ಅದು ಕಲಿಯುತ್ತದೆ. ಮೊದಲ 3ರಿಂದ 6 ತಿಂಗಳು ಈ ಕಲಿಕೆ ಚುರುಕಾಗಿರುತ್ತದೆ. ಆಮೇಲೂ ಸುಧಾರಣೆ ಉಂಟು, ವೇಗ ಕಡಿಮೆ. ಪ್ರೀತಿಯಿಂದ “ನೀವು ಮಲಗಿರಿ” ಎಂದು ಮಲಗಿಸಿದರೆ ಅದೇ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ವೈದ್ಯರ ಒಪ್ಪಿಗೆ ಪಡೆದು, ಫಿಸಿಯೋಥೆರಪಿಸ್ಟ್ ತೋರಿಸಿಕೊಟ್ಟ ಮೇಲೆ ಮನೆಯಲ್ಲೇ ಮಾಡಬಹುದಾದ ಅಭ್ಯಾಸಗಳಿವೆ. ಗೋಡೆಗೆ ಒತ್ತಿಟ್ಟ ಕುರ್ಚಿಯಿಂದ ಎದ್ದು ಕೂರುವುದು. ಅಡುಗೆ ಕಟ್ಟೆ ಹಿಡಿದು ಸೋತ ಕಾಲಿನ ಮೇಲೆ ಸ್ವಲ್ಪ ಸ್ವಲ್ಪ ಭಾರ ಹಾಕುವುದು. ಅದೇ ಕಟ್ಟೆಯುದ್ದಕ್ಕೂ ಪಕ್ಕಕ್ಕೆ ಹೆಜ್ಜೆ ಇಡುವುದು. ಜೊತೆಗೊಬ್ಬರು ಸೋತ ಬದಿಯಲ್ಲಿ ನಿಂತಿರಬೇಕು. ಆದರೆ ಸೋತ ಕೈ ಹಿಡಿದು ಎಳೆಯಬಾರದು, ಭುಜಕ್ಕೆ ಪೆಟ್ಟಾಗುತ್ತದೆ. ಊರುಗೋಲು ಗಟ್ಟಿ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಲಿಫ್ಟ್ ಇಲ್ಲದ ಚಾಳುಗಳಲ್ಲಿ ಇದನ್ನು ಮನೆಮಂದಿಯೆಲ್ಲ ತಿಳಿದಿರಬೇಕು.

ಬಿದ್ದರೆ ಮಾಡಿದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಕಾಲೊರಸು ತೆಗೆದಿಡಿ, ಬಚ್ಚಲು ಒಣಗಿರಲಿ, ರಾತ್ರಿ ಸಣ್ಣ ದೀಪ ಉರಿಯಲಿ, ಸಡಿಲ ಚಪ್ಪಲಿ ಬೇಡ. ನಡೆಯಲು ಬಂತೆಂದು ಬಿಪಿ, ಶುಗರ್ ಮಾತ್ರೆಗಳನ್ನು ನಿಲ್ಲಿಸಬೇಡಿ. ಮತ್ತೆ ಹಠಾತ್ತನೆ ತೋಲ ತಪ್ಪಿದರೆ, ಮುಖ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ನನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.

ಈಗ ಹಣದ ಮಾತು. ಆಯುಷ್ಮಾನ್ ಭಾರತ್ ಯೋಜನೆಯಲ್ಲೂ ಆಸ್ಪತ್ರೆಯಿಂದ ಬಿಟ್ಟ ನಂತರದ ಖರ್ಚಿಗೆ ಸಿಗುವ ಅವಧಿ 15 ದಿನ. ಕಾಲು ಕಲಿಯಬೇಕಾದ ಅವಧಿ ಆರು ತಿಂಗಳು. ನಡುವಿನ ಖರ್ಚು ದುಡಿಯುವವರೇ ಮಲಗಿರುವ ಮನೆಯ ಮೇಲೆ ಬೀಳುತ್ತದೆ. ಶೌಚಾಲಯದವರೆಗೆ ಹೋಗಿಬರಲು ಸಾಧ್ಯವಾದ ಕೂಡಲೇ “ಇಷ್ಟು ಸಾಕು” ಎಂದು ಫಿಸಿಯೋಥೆರಪಿ ನಿಲ್ಲಿಸುವವರನ್ನು ನಾನು ಬಹಳ ನೋಡಿದ್ದೇನೆ. ಇನ್ನಷ್ಟು ದಿನ ಮುಂದುವರಿಸಿದ್ದರೆ ಅವರಲ್ಲಿ ಕೆಲವರಾದರೂ ಕೆಲಸಕ್ಕೆ ಮರಳುತ್ತಿದ್ದರು.

ಆದ್ದರಿಂದ ಸಮಿತಿಯವರಲ್ಲಿ ನನ್ನ ವಿನಂತಿ: ನಿಧಿಯ ಒಂದು ಪಾಲನ್ನು ಫಿಸಿಯೋಥೆರಪಿ, ಊರುಗೋಲು, ಪಾದ ಎತ್ತಿ ಹಿಡಿಯುವ ಪಟ್ಟಿ, ಕಮೋಡ್ ಕುರ್ಚಿಗಳಿಗೆ ಮೀಸಲಿಡಿ. ಸದಸ್ಯ ಬಾಂಧವರೇ, ನಿಮ್ಮ ಮನೆಯ ಅಟ್ಟದಲ್ಲಿ ಧೂಳು ಹಿಡಿದಿರುವ ವಾಕರ್ ಇದ್ದರೆ ಸಂಘಕ್ಕೆ ಕೊಡಿ. ಹಣ ಕೊಡಬಲ್ಲವರು ಹಣ ಕೊಡಿ. ಬಿಡುವಿರುವವರು ವಾರಕ್ಕೊಂದು ಗಂಟೆ ನೆರೆಮನೆಯ ರೋಗಿಯ ಪಕ್ಕದಲ್ಲಿ ನಡೆಯಿರಿ. ಅದೂ ದಾನವೇ.