ಸಾರುವೆ ಹತ್ತುವ ಮೊದಲು

(ಮನ್ನಳ್ಳಿಯ ಕಟ್ಟಡ ಕೂಲಿಕಾರರ ಸಭೆಯಲ್ಲಿ ಆಡಿದ ಮಾತು)



ಸುಗ್ಗಿ ಮುಗಿದರೆ ನಮ್ಮ ಓಣಿಗಳು ಖಾಲಿಯಾಗುತ್ತವೆ. ಹೈದರಾಬಾದಿಗೆ, ಪುಣೆಗೆ, ಬೆಂಗಳೂರಿಗೆ ಹೋಗ್ತೀವಿ. ನಾವು ಕಟ್ಟಿದ ಮನೆಯಾಗ ನಾವು ಇರೋದಿಲ್ಲ, ಅದು ಹಳೇ ಮಾತು, ಬಿಡ್ರಿ. ಇವತ್ತು ಆಡಬೇಕಾದ ಮಾತು ಬೇರೆ ಅದ. ಆ ಮನೆ ಏಳುವ ತನಕ ನಾವು ಯಾವುದರ ಮ್ಯಾಲ ನಿಂತಿರ್ತೀವಿ?

ನಾವು ಸಾರುವೆ ಅಂತೀವಿ, ಮರಾಠಿಯವರು ಪರಾಂಚಿ ಅಂತಾರ, ತೆಲುಗಿನವರು ಪರಂಜ ಅಂತಾರ. ಅದರ ಮೇಲಿಂದ ಒಬ್ಬ ಬಿದ್ದರೆ "ಕುಡಿದಿದ್ದ" ಅಂತ ಗುತ್ತೇದಾರ ಹೇಳ್ತಾನ. "ಅವನ ಹಣೇಬರಹ" ಅಂತ ನಮ್ಮವರೇ ಹೇಳ್ತಾರ. ಎರಡರಿಂದಲೂ ಉಳಿಯೋದು ಗುತ್ತೇದಾರನ ಗಂಟು.

ಹಣೆ ನೋಡೋದು ಬಿಟ್ಟು ಕಂಬದ ಬುಡ ನೋಡೋಣ ಬರ್ರಿ. ಕರಿಮಣ್ಣು ಮಳೆಗೆ ಉಬ್ಬತದ, ಬಿಸಿಲಿಗೆ ಬಿರಿತದ. ಇದು ಹೊಲದಾಗ ದುಡಿದ ನಮಗೆ ಯಾರೂ ಕಲಿಸಬೇಕಾಗಿಲ್ಲ. ಆ ಮಣ್ಣಿನ ಮ್ಯಾಲ ಬರೀ ಕಂಬ ನಿಲ್ಲಿಸಿದರೆ ಒಂದು ಇಳಿತದ, ಒಂದು ನಿಲ್ತದ, ಸಾರುವೆ ವಾಲ್ತದ. ಬುಡಕ್ಕೆ ಅಗಲವಾದ ಗಟ್ಟಿ ಹಲಗೆ ಇಟ್ಟರೆ ಭಾರ ಹರಡತದ. ಓರೆ ಕಂಬ ಕಟ್ಟದಿದ್ದರೆ ನೇರ ಕಂಬ ಎಷ್ಟಿದ್ದರೂ ಎಲ್ಲ ಒಂದೇ ಕಡೆ ಮಲಗ್ತಾವ. ಸಣಬಿನ ಹಗ್ಗ ಮಳೆಗೆ ನೆನೆದು ಕೊಳೀತದ. ಹಿಂದಿನ ಕೆಲಸದಾಗ ಬಿಚ್ಚಿದ ಹಗ್ಗವನ್ನೇ ಇಲ್ಲಿ ಕಟ್ಟತಾರ.

ಇನ್ನು ಹಲಗೆ. ಗೌಂಡಿ ಅದರ ಮ್ಯಾಲ ಕೂತು ಕಟ್ಟತಾನ. ಮಾಲಿನ ಬುಟ್ಟಿ ತಲೆ ಮ್ಯಾಲ ಹೊತ್ತ ಹೆಣ್ಣುಮಗಳು ಅದೇ ಹಲಗೆ ಮ್ಯಾಲ ಅವನನ್ನು ದಾಟಿ ಹೋಗಬೇಕು. ಆಕೆಯ ಎರಡೂ ಕೈ ಬುಟ್ಟಿಗೆ. ಹಿಡಿದುಕೋ ಅಂದರೆ ಯಾವ ಕೈಯಿಂದ ಹಿಡೀಬೇಕು? ಅದಕ್ಕೇ ಅಲ್ಲಿ ಸೊಂಟದೆತ್ತರಕ್ಕೆ ಅಡ್ಡ ತಡೆ ಬೇಕು, ಎರಡು ಹಲಗೆ ಅಗಲದ ದಾರಿ ಬೇಕು. ಬುಟ್ಟಿ ಹೊರುವವರು ಯಾವ ಕೇರಿಯವರು ಅಂತ ಈ ಸಭೆಗೆ ನಾವು ಹೇಳಬೇಕಾಗಿಲ್ಲ.

ಇದಕ್ಕೆ ದೊಡ್ಡ ವಿದ್ಯೆ ಏನೂ ಬೇಡ. ಹಲಗೆ, ಹಗ್ಗ, ಕಟ್ಟುವವರ ಅರ್ಧ ದಿನದ ಕೂಲಿ. ಆ ಖರ್ಚು ಲೆಕ್ಕ ಹಾಕುವವನು ಸಾರುವೆ ಹತ್ತೋದಿಲ್ಲ.

ದೊಡ್ಡ ಕೆಲಸ, ಕಬ್ಬಿಣದ ಸಾರುವೆ ಅಂದರೆ ಭಯವಿಲ್ಲ ಅಂತಲೂ ತಿಳೀಬ್ಯಾಡ್ರಿ. 2019ರ ಜೂನ್ 17ರಂದು ಬೆಂಗಳೂರಿನ ಹೆಬ್ಬಾಳದ ಹತ್ತಿರ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ಕಟ್ಟುವಾಗ ಸಾರುವೆ ಕುಸಿದು 3 ಮಂದಿ ಸತ್ತರು. ಅದು ಸರ್ಕಾರದ್ದೇ ಕೆಲಸ. 2025ರ ಸೆಪ್ಟೆಂಬರ್ 30ರಂದು ಚೆನ್ನೈ ಹತ್ತಿರದ ಎಣ್ಣೂರಿನ ಉಷ್ಣ ವಿದ್ಯುತ್ ಕೇಂದ್ರದ ಕೆಲಸದಲ್ಲಿ ಸಾರುವೆ ಬಿದ್ದು 9 ಮಂದಿ ಸತ್ತರು. ಹೆಚ್ಚಿನವರು ಅಸ್ಸಾಮಿನವರು, ನಮ್ಮಂಗೇ ಊರು ಬಿಟ್ಟು ದುಡಿಯಲಿಕ್ಕೆ ಬಂದವರು.

ಕಾನೂನು ಇಲ್ಲವೇನ್ರಿ ಅಂತ ಕೇಳ್ತೀರಿ. 1996ರಲ್ಲೇ ಕಟ್ಟಡ ಕಾರ್ಮಿಕರ ಕಾನೂನು ಬಂತು, ಕರ್ನಾಟಕದ ನಿಯಮಗಳು ಆದದ್ದು 2006ರಲ್ಲಿ. ಹತ್ತು ವರ್ಷ! ಈಗ ಆ ಕಾನೂನು 2020ರ ಸಂಹಿತೆಗಳೊಳಗೆ ಸೇರಿದೆ. ಆದರೆ ಕಟ್ಟಿಸುವವರ ಸೆಸ್ ಹಣದಿಂದ ನಡೆಯುವ ಕಲ್ಯಾಣ ಮಂಡಳಿ ಉಳಿದಿದೆ. 18ರಿಂದ 60 ವಯಸ್ಸಿನೊಳಗೆ, ಒಂದು ವರ್ಷದಾಗ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ಬರೆಸಬಹುದು. ಹಾಜರಿ ಪುಸ್ತಕದಾಗ ಹೆಸರಿಲ್ಲದವನು ಬಿದ್ದರೆ ಅವನು ಅಲ್ಲಿ ಕೆಲಸಕ್ಕೇ ಬಂದಿರಲಿಲ್ಲ ಅಂತ ಆಗಿಬಿಡತದ. ಅದಕ್ಕ ಯಾವ ಊರು, ಯಾರ ಕೆಲಸ, ಎಷ್ಟು ದಿನ, ಎಲ್ಲ ಓದು ಬಂದ ಮಕ್ಕಳ ಕೈಲಿ ಬರೆಸಿಡ್ರಿ.

ಕಷ್ಟ ಇರೋದು ಬೇರೆ ಕಡೆ ಅದ. ಮುಂಗಡ ತಗೊಂಡವನು ಒಬ್ಬನೇ "ಹತ್ತಂಗಿಲ್ಲ" ಅಂದರೆ ಅವತ್ತೇ ಗಂಟು ಕಟ್ಟಬೇಕು. ಇಡೀ ಗುಂಪು ಅಂದರೆ ಗುತ್ತೇದಾರ ಹಲಗೆ ತರಿಸಲೇಬೇಕು, ಯಾಕಂದರೆ ಕಲಸಿದ ಸಿಮೆಂಟು ಅವನಿಗಾಗಿ ಕಾಯೋದಿಲ್ಲ. ಹಂಗಾಗಿ ಊರು ಬಿಡುವ ಮೊದಲೇ ಗುಂಪಿಗೊಬ್ಬರನ್ನು ಗೊತ್ತು ಮಾಡ್ರಿ. ದಿನಾ ಬೆಳಿಗ್ಗೆ, ರಾತ್ರಿ ಮಳೆ ಬಂದಿದ್ದರೆ ತಪ್ಪದೆ, ಬುಡ, ಹಗ್ಗ, ಹಲಗೆ ನೋಡಿದ ಮೇಲೇ ಉಳಿದವರು ಹತ್ತಬೇಕು. ಬುಟ್ಟಿ ಹೊರುವ ಹೆಣ್ಣುಮಕ್ಕಳಲ್ಲೇ ಒಬ್ಬರಾದರೆ ಒಳ್ಳೇದು, ಹಲಗೆ ಎಲ್ಲಿ ಅಲುಗಾಡತದ ಅಂತ ಅವರಿಗೆ ಮೊದಲು ಗೊತ್ತಾಗತದ.

ಹೆಸರು ಬರಕೊಳ್ಳಲಿಕ್ಕೆ ಸಭೆ ಮುಗಿದ ಮ್ಯಾಲ ನಾವು ಇಲ್ಲೇ ಕೂತಿರ್ತೀವಿ.